ದೋಣಿಯ ಬೂಚು, ಅಕ್ಕನ ಷರತ್ತು

ನಮ್ಮ ದೋಣಿಗೆ ಒಂದು ತೂತಿದೆ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ದೋಣಿ ಮಾಡಿದವನೇ ಅಳತೆ ಹಿಡಿದು, ಬುದ್ಧಿಪೂರ್ವಕವಾಗಿ, ಹಿಂಬದಿಯ ತಳದಲ್ಲಿ ಕೊರೆದಿಟ್ಟ ತೂತು ಅದು. ದೋಣಿ ದಡದ ಮೇಲೆ ಇರುವಾಗ ಒಳಗೆ ಬಿದ್ದ ಮಳೆನೀರು ಹರಿದುಹೋಗಬೇಕಲ್ಲ, ಅದಕ್ಕೆ. ಹೊಳೆಗೆ ಇಳಿಸುವಾಗ ಹಿತ್ತಾಳೆಯ ಒಂದು ಬೂಚನ್ನು ತಿರುಪಿ ಮುಚ್ಚಬೇಕು. ಸಂಗತಿ ಇಷ್ಟೇ. ಆದರೆ ಈ ಇಷ್ಟನ್ನು ಮನೆಗೆ ಬಂದ ನೆಂಟರಿಗೆ ವಿವರಿಸಿ ನಾನು ಒಮ್ಮೆಯೂ ಗೆದ್ದವನಲ್ಲ. ತೇಲಬೇಕಾದ ವಸ್ತುವಿಗೆ ಯಾರಾದರೂ ತೂತು ಇಡುತ್ತಾರೆಯೇ ಎಂದು ಅವರು ಕೇಳುತ್ತಾರೆ. ಕೇಳಿ, ದೋಣಿಯನ್ನು ಬಿಟ್ಟು ನನ್ನ ಮುಖ ನೋಡುತ್ತಾರೆ.

ನನ್ನ ಹೆಂಡತಿಗೆ ಮಾತ್ರ ಆ ತೂತಿನ ಮೇಲೆ ಪೂರ್ತಿ ವಿಶ್ವಾಸ. ಅದನ್ನು ಮುಚ್ಚುವುದೇ ತಪ್ಪು ಎನ್ನುವಷ್ಟು.

"ಹ್ವಾಯ್, ಇಷ್ಟ್ ದೊಡ್ಡ್ ಚಟ್ಟಿ ಮತ್ತೆಲ್ ಸಿಕ್ಕತ್ತ್? ಮಣ್ಣ್ ತುಂಬ್ಸಿ ಬಸಳೆ ನೆಟ್ರೆ ಬುಡದಂಗೆ ನೀರ್ ನಿಂತ್ತ್ ಅಂಬ್ದೇ ಇಲ್ಲೆ."

ಅವಳ ಮಾತಿನಲ್ಲಿ ತಥ್ಯವಿಲ್ಲದೆ ಇಲ್ಲ. ತಲ್ಲೂರಿನ ಕೆಳಗೆ ಹೊಳೆಯ ಬದಿಯಲ್ಲಿರುವ ನಮ್ಮ ಮನೆಗೆ ಒಂದು ಕಾಲದಲ್ಲಿ ದೋಣಿಯೇ ಕಾಲು. ತೆಂಗಿನಕಾಯಿ, ಬೈಹುಲ್ಲು, ಮದುವೆಯ ಪಾತ್ರೆ, ಮದುವೆಯ ಹೆಣ್ಣು ಎಲ್ಲವೂ ಅದರಲ್ಲೇ ಬಂದವು. ಆಮೇಲೆ ರಸ್ತೆ ಬಂತು, ಸೇತುವೆ ಬಂತು, ದೋಣಿಯ ಕೆಲಸಗಳು ಒಂದೊಂದಾಗಿ ಲಾರಿಗೂ ರಿಕ್ಷಾಕ್ಕೂ ವರ್ಗವಾದವು. ಅಪ್ಪನ ಮರದ ದೋಣಿ ಸತ್ತ ಮೇಲೆ ಉಪ್ಪುಂದದಿಂದ ಹಳೆಯದೊಂದು ಸಣ್ಣ ಫೈಬರ್ ದೋಣಿ ತಂದೆ. ಈಗ ಅದಕ್ಕೆ ಉಳಿದಿರುವುದು ವರ್ಷಕ್ಕೆ ಒಂದೇ ಕೆಲಸ: ಹೊಸ ಅಕ್ಕಿಯ ಊಟಕ್ಕೆ, ಅಂದರೆ ಹೊಸ್ತಿಗೆ, ಆಚೆ ದಡದಿಂದ ನನ್ನ ಅಕ್ಕನನ್ನು ಕರೆತರುವುದು.

ಅವಳು ಕಾರಿನಲ್ಲಿ ಬರಬಾರದೇ? ಬರಬಹುದು. ಮಗನ ಕಾರಿದೆ, ಹೆದ್ದಾರಿ ಹಿಡಿದು, ಸೇತುವೆ ದಾಟಿ, ಸುತ್ತಿ ಬಂದರೆ ಮುಕ್ಕಾಲು ಗಂಟೆ. ಆದರೆ ಕಾರಿನಲ್ಲಿ ಬಂದವಳು ಗೇಟಿನ ಎದುರು ಇಳಿಯುತ್ತಾಳೆ. ಗೇಟಿನಿಂದ ಬಂದವರಿಗೆ ಜಗಲಿಯಲ್ಲಿ ಕುರ್ಚಿ, ಬೆಲ್ಲ, ನೀರು, "ಹ್ಯಾಂಗ್ ಇದ್ರಿ" ಎಂಬ ವಿಚಾರಣೆ. ದೋಣಿಯಲ್ಲಿ ಬಂದರೆ ಹಿತ್ತಿಲಿನಿಂದ ಹತ್ತಿ, ಬಾವಿಕಟ್ಟೆಯಲ್ಲಿ ಕಾಲು ತೊಳೆದು, ಕೇಳದೆ ಹೇಳದೆ ಅಡುಗೆಮನೆಗೆ ನುಗ್ಗಿ, ಒಲೆಯ ಮೇಲಿನ ಮುಚ್ಚಳ ತೆಗೆದು ಮೂಸಿ, "ಉಪ್ಪ್ ಕಮ್ಮಿ ಇತ್ತ್" ಎನ್ನಬಹುದು. ಗೇಟಿನಿಂದ ಬರುವವಳು ನೆಂಟಳು. ಹಿತ್ತಿಲಿನಿಂದ ಬರುವವಳು ಮನೆಯ ಹೆಣ್ಣು. ಎಪ್ಪತ್ತನಾಲ್ಕರ ಅಕ್ಕ ಇನ್ನು ನೆಂಟಳಾಗಿಬಿಟ್ಟರೆ ನನಗೆ "ಮಾಣಿ", ಅಂದರೆ ಹುಡುಗ, ಎನ್ನುವವರು ಭೂಮಿಯ ಮೇಲೆ ಉಳಿಯುವುದಿಲ್ಲ. ಅರವತ್ತಾರು ದಾಟಿದ ಗಂಡಸಿಗೆ ಅದೇನು ಸಣ್ಣ ನಷ್ಟವಲ್ಲ.

ಕಂಟಕ ಬಂದದ್ದು ಹೋದ ವರ್ಷ. ಹೊಳೆಯ ನಡುವೆ ಅಕ್ಕ ಯಾರದೋ ಮದುವೆಯ ಸಾರಿನ ವಿಷಯ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಒಂದು ಕಾಲು ಮೇಲೆತ್ತಿದಳು. ವಾಕ್ಯ ಮುಗಿಸಿ ಇನ್ನೊಂದು ಕಾಲು ಎತ್ತಿದಳು. ದಡ ಮುಟ್ಟುವಾಗ ಸೀರೆ ಮೊಣಕಾಲಿನವರೆಗೆ ಒದ್ದೆ. ಇಳಿದು, ನೆರಿಗೆ ಹಿಂಡಿ, ಒಂದೇ ಮಾತು ಹೇಳಿದಳು:

"ನಿನ್ನ ದೋಣಿ ಭಾರೀ ಧಾರಾಳಿ ಮಾರಾಯ. ದಾರಿಯಂಗ್ ಸಿಕ್ಕಿದ್ ಹೊಳಿಯನ್ನೂ ಹತ್ಸ್ಕಂತ್ತ್."

ಈ ವರ್ಷ ಹೊಸ್ತಿಗೆ ಐದು ದಿನ ಇರುವಾಗ ಫೋನು ಮಾಡಿದಳು.

"ಮಾಣಿ, ಈ ಸಲ ನೀ ಬಪ್ದ್ ಬ್ಯಾಡ. ಮಗ ಕಾರಂಗೆ ಬಿಡ್ತ."

ನಾನು ವಾದಿಸಿದೆ. ದೋಣಿ ಸರಿಮಾಡಿಸುತ್ತೇನೆ ಎಂದೆ. ಒಂದು ತೊಟ್ಟು ನೀರು ಬಂದರೆ ಕೇಳು ಎಂದೆ. ಅವಳು ತೀರ್ಪು ಕೊಟ್ಟಳು.

"ಹಾಂಗಾರೆ ಒಂದ್ ಕೆಲ್ಸ ಮಾಡ್. ದೋಣಿ ತಳಕ್ಕೆ ಪೇಪರ್ ಹಾಸ್ಕಂಡ್ ಬಾ. ನಮ್ಮ ದಡಕ್ಕೆ ಮುಟ್ಟುವತ್ತಿಗೆ ಪೇಪರ್ ಒಣಗಿದ್ ಹಾಂಗೇ ಇತ್ತಾ, ಹತ್ತತೆ. ಚಂಡಿ ಆಯ್ತಾ, ಕಾರ್."

ಚಂಡಿ ಅಂದರೆ ಒದ್ದೆ. ಮರುದಿನವೇ ಭಾವನನ್ನು ಕರೆಸಿದೆ. ಭಾವ ಅಂದರೆ ನನ್ನ ಹೆಂಡತಿಯ ಅಣ್ಣ, ಉಪ್ಪುಂದದವರು. ಅವರದು ಅಕ್ಕಿ, ಬೆಲ್ಲದ ವ್ಯಾಪಾರ. ಸಮುದ್ರವನ್ನು ಅವರು ಮುಖ್ಯವಾಗಿ ಕಂಡದ್ದು ಅಂಗಡಿಯ ಹಿಂಬಾಗಿಲಿನಿಂದ. ಆದರೂ ಉಪ್ಪುಂದದವರು ಎಂಬ ಒಂದೇ ಯೋಗ್ಯತೆಯ ಮೇಲೆ, ಬೈಂದೂರಿನಿಂದ ಬ್ರಹ್ಮಾವರದವರೆಗೆ ಹಬ್ಬಿರುವ ನಮ್ಮ ನೆಂಟರಿಷ್ಟರಲ್ಲಿ ದೋಣಿಯ ವಿಷಯಕ್ಕೆ ಅವರ ಮಾತೇ ಕೊನೆ. ಅವರು ಇದನ್ನು ಒಮ್ಮೆಯೂ ಅಲ್ಲಗಳೆದಿಲ್ಲ. ಒಂದು ಚೀಲದಲ್ಲಿ ಹೊಸ ರಬ್ಬರ್ ವಾಶರ್, ನಲ್ಲಿಗೆ ಸುತ್ತುವ ಬಿಳಿ ಟೇಪು, ಒಂದು ಟ್ಯೂಬ್ ಅಂಟು, ಒಂದು ಸ್ಪ್ಯಾನರ್ ಹಾಕಿಕೊಂಡು, ವೈದ್ಯರ ಗಾಂಭೀರ್ಯದಲ್ಲಿ ಬಸ್ಸಿಳಿದು ಬಂದರು.

"ಭಾವ, ಮೊದ್ಲ್ ಬೂಚ್ ತನ್ನಿ, ಕಾಂಬ," ಎಂದರು. ಅವರಿಗೆ ನಾನೂ ಭಾವನೇ.

ಬೂಚು ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ಅದನ್ನು ತೆಗೆದು ಭದ್ರವಾಗಿ ಇಟ್ಟಿದ್ದೆ. ಎಷ್ಟು ಭದ್ರವೆಂದರೆ ನನಗೂ ಸಿಗದಷ್ಟು. ಮಾಡು, ಮಾಳಿಗೆ, ಮೇಜಿನ ಖಾನೆ, ಕೊಟ್ಟಿಗೆಯ ಕಿಟಕಿ ಎಲ್ಲ ಜಾಲಾಡಿದೆವು. ಕೊನೆಗೆ ಕೈಮುಗಿಯಲೆಂದು ದೇವರ ಕೋಣೆಗೆ ಹೋದ ಭಾವ ಅಲ್ಲಿಂದಲೇ ಕೂಗಿದರು. ಎರಡು ಕಾಲುದೀಪಗಳ ನಡುವೆ, ಹುಣಸೆಹುಳಿ ಹಚ್ಚಿ ತಿಕ್ಕಿಸಿಕೊಂಡು, ಫಳಫಳ ಹೊಳೆಯುತ್ತ, ತಲೆಯ ಮೇಲೊಂದು ದಾಸವಾಳ ಧರಿಸಿ ನಮ್ಮ ಬೂಚು ಕುಳಿತಿತ್ತು.

"ಹಿತ್ತಾಳೆದ್ ಅಲ್ದಾ?" ಎಂದಳು ಹೆಂಡತಿ, ತಪ್ಪು ನಮ್ಮದೇ ಎಂಬ ಧಾಟಿಯಲ್ಲಿ. "ಮೇಜಿನ್ ಮೇಲ್ ಸಿಕ್ತ್. ದೇವ್ರದ್ದೇ ಎಂತದೋ ಅಂದ್ಕಂಡೆ. ಮೂರ್ ತಿಂಗ್ಳಿಂದ ದಿನಾ ಹೂಗ್ ಇಡ್ತಾ ಇದ್ದೆ."

"ಒಳ್ಳೇದೇ ಆಯ್ತ್," ಎಂದರು ಭಾವ. "ಇಷ್ಟ್ ಪೂಜೆ ಆದ್ ಬೂಚ್ ಇಡೀ ಕುಂದಾಪ್ರದಂಗೆ ಇಲ್ಲೆ. ಇದ್ ಇನ್ನ್ ಸೋರುದಿಲ್ಲೆ."

ಆದರೂ ಪರೀಕ್ಷೆ ಮಾಡದೆ ಬಿಡುವಂತಿಲ್ಲ. ಗೇರುಮರದ ಕೆಳಗೆ ಎರಡು ತೆಂಗಿನ ಮರದ ತುಂಡಿನ ಮೇಲೆ ದೋಣಿ ಏರಿಸಿದೆವು. ಬೂಚು ತಿರುಪಿದೆವು. ತಳದ ಹೊರಮೈಯನ್ನು ಒರೆಸಿ ಒಣಗಿಸಿ, ಬಚ್ಚಲೊಲೆಯ ಬೂದಿಯನ್ನು ಜರಡಿ ಹಿಡಿದು ಬೂಚಿನ ಸುತ್ತ ಪೌಡರಿನಂತೆ ಬಳಿದೆವು. ಆಮೇಲೆ ದೋಣಿಯ ಒಳಗೆ ಹತ್ತು ಕೊಡಪಾನ ನೀರು ಸುರಿದೆವು. ಒಳಗಿನ ನೀರು ಹೊರಗೆ ಬರುವ ದಾರಿ ಯಾವುದೋ, ಹೊಳೆಯ ನೀರು ಒಳಗೆ ಬರುವ ದಾರಿಯೂ ಅದೇ; ಬೂದಿ ಎಲ್ಲಿ ಕಪ್ಪಾಯಿತೋ ಅಲ್ಲಿ ಕಳ್ಳ. ಎರಡು ಮಣೆ ಹಾಕಿಕೊಂಡು, ಎಲೆ ಅಡಿಕೆ ಜಗಿಯುತ್ತ, ದೋಣಿಯ ಹಿಂಭಾಗವನ್ನೇ ದಿಟ್ಟಿಸುತ್ತ ಕುಳಿತೆವು. ಸರಕಾರಿ ಗುಮಾಸ್ತನಾಗಿ ನಾನು ಹಲವು ಮಹಜರಿಗೆ ಹಾಜರಿದ್ದೇನೆ. ಇಷ್ಟು ಶ್ರದ್ಧೆಯಿಂದ ನಡೆದದ್ದು ಒಂದೂ ಇಲ್ಲ.

ಅರ್ಧ ಗಂಟೆಯಲ್ಲಿ ಬೂದಿಯ ಎಡಬದಿ ಮೆಲ್ಲಗೆ ಕಪ್ಪಾಯಿತು. ಬೂಚಿನ ಹತ್ತಿರವಲ್ಲ, ಬೂಚು ಕೂರುವ ಹಿತ್ತಾಳೆಯ ಬಳೆ ದೋಣಿಗೆ ಅಂಟಿಕೊಂಡ ಜಾಗದಲ್ಲಿ. ಹಳೆಯ ಅಂಟು ಬಿರಿದು ಬಳೆ ಸಡಿಲಾಗಿತ್ತು.

"ಹೋದ್ ವರ್ಷ ಬೂಚ್ ತಿರ್ಪಿದ್ ಯಾರ್?" ಎಂದರು ಭಾವ.

"ನಾನೇ."

"ಎಷ್ಟ್ ತಿರ್ಪಿದ್ರಿ?"

"ಕೈಯಂಗ್ ಆಪಷ್ಟೂ ತಿರ್ಪಿದೆ. ಮತ್ತೆ ಸ್ಪ್ಯಾನರಂಗ್ ಎರಡ್ ಸುತ್ತ್. ಜಾಗ್ರತಿಗೆ."

"ಅದೇ ಜಾಗ್ರತಿಯಂಗ್ ಬಳೆ ಕಿತ್ ಬಂದ್ದ್. ಭಾವ, ಇದ್ ಆಫೀಸಿನ್ ಸೀಲ್ ಅಲ್ಲ, ಜೋರ್ ಒತ್ತಿದಷ್ಟೂ ಒಳ್ಳೇದ್ ಅಂಬುಕೆ."

ಆರೋಪ ಸಾಬೀತಾದ ಮೇಲೆ ನಾನು ಸಹಾಯಕನ ಹುದ್ದೆಗೆ ಇಳಿದೆ. ಬಳೆಯ ತಿರುಪುಮೊಳೆ ಬಿಚ್ಚಿ, ಹಳೆಯ ಅಂಟನ್ನು ಅಡುಗೆಮನೆಯ ಮೊಂಡು ಚಾಕುವಿನಿಂದ ಕೆರೆದು ತೆಗೆದೆವು. ಒಂದು ದಿನ ಬಿಸಿಲಿಗೆ ಒಣಗಿಸಿದೆವು. ಹೊಸ ಅಂಟು ಹಾಕಿ ಬಳೆ ಕೂರಿಸಿ, ಮೊಳೆಗಳನ್ನು ಆಚೆಗೊಮ್ಮೆ ಈಚೆಗೊಮ್ಮೆ ಸಮನಾಗಿ ಬಿಗಿದು, ಗಟ್ಟಿಯಾಗಲು ಇನ್ನೊಂದು ದಿನ ಬಿಟ್ಟೆವು. ಬೂಚಿನ ತಿರುಪಿನ ಎಳೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮರಳಿನ ಕಣವೂ ಉಳಿಯದಂತೆ ನೋಡಿ, ಭಾವ ಬಿಳಿ ಟೇಪು ಸುತ್ತಿದರು. ತಿರುಪಿದರೆ ಟೇಪು ಪೂರ್ತಿ ಬಿಚ್ಚಿಕೊಂಡು ಕೈಗೇ ಬಂತು. ಬೂಚು ಯಾವ ಕಡೆಗೆ ತಿರುಗಿ ಬಿಗಿಯಾಗುತ್ತದೋ ಟೇಪನ್ನೂ ಅದೇ ಕಡೆಗೆ ಸುತ್ತಬೇಕು. ಉಪ್ಪುಂದದ ತಜ್ಞರು ತಿರುಗಾಮುರುಗಾ ಸುತ್ತಿದ್ದರು.

"ಇದ್ ಅಂದಾಜಿಗ್ ಸುತ್ತಿದ್ದ್," ಎಂದು ಅವರು ಹೊಸ ಟೇಪು ಎಳೆದರು. ನಾನು ಗೇರುಮರದ ಎಲೆಗಳನ್ನು ನೋಡುತ್ತಿದ್ದೆ.

ಎರಡನೆಯ ಸಲ ಸುತ್ತಿ, ಹೊಸ ವಾಶರ್ ತೊಡಿಸಿ, ಕೈಯಲ್ಲಿ ತಿರುಗುವಷ್ಟು ತಿರುಗಿಸಿ, ಸ್ಪ್ಯಾನರಿನಲ್ಲಿ ಕಾಲು ಸುತ್ತು ಮಾತ್ರ ಕೊಟ್ಟೆವು. ಮತ್ತೆ ಬೂದಿ, ಮತ್ತೆ ಹತ್ತು ಕೊಡಪಾನ. ಸಂಜೆಯವರೆಗೂ ಬೂದಿ ಬೆಳ್ಳಗೇ ಇತ್ತು. ಬೂಚು ಮುಟ್ಟದೆ ನೀರನ್ನು ಮೊಗೆದು ಚೆಲ್ಲಿದೆವು. ಭಾವ ಮೀಸೆಯನ್ನು ಸವರಿಕೊಂಡರು. ನಾನು ಅಕ್ಕನಿಗೆ ಫೋನು ಮಾಡಿ, ಪೇಪರು ಇಂಗ್ಲಿಷಿನದು ಬೇಕೋ ಕನ್ನಡದ್ದು ಬೇಕೋ ಎಂದು ಕೇಳುವಷ್ಟು ಸೊಕ್ಕಿದೆ.

ಹೊರಡುವ ದಿನದ ಬೆಳಗ್ಗೆ ನೋಡಿದರೆ ಇರುಳಿನ ಮಳೆಗೆ ದೋಣಿಯಲ್ಲಿ ನಾಲ್ಕು ಬೆರಳು ನೀರು. ಇಂಥ ಸಂದರ್ಭಕ್ಕೆಂದೇ ಅಲ್ಲವೇ ತೂತು ಇರುವುದು? ಬೂಚು ಬಿಚ್ಚಿ, ನೀರು ಬಿಟ್ಟು, ಬಟ್ಟೆಯಿಂದ ತಳ ಒರೆಸಿ, ಹೊಸ ಟೇಪು ಸುತ್ತಿ, ಬೂಚು ತಿರುಪಿ, ಹಿಂದಿನ ದಿನದ ಪೇಪರು ನಾಲ್ಕು ಹಾಳೆ ಹಾಸಿದೆವು. ಭಾವ ಹಿಂದೆ, ನಾನು ಹುಟ್ಟು ಹಿಡಿದು ನಡುವೆ. ದೋಣಿ ನೀರಿಗೆ ಜಾರಿತು.

ನಾವು ಹತ್ತು ಮಾರು ಹೋಗಿರಬಹುದು. ಹೆಂಡತಿ ಬಟ್ಟೆಯ ಬಕೆಟ್ ಹಿಡಿದು ಒಗೆಯುವ ಕಲ್ಲಿನ ಬಳಿಗೆ ಬಂದಳಂತೆ. ಕಲ್ಲಿನ ಮೇಲೆ ಒಂದು ಕಪ್ಪು ರಬ್ಬರಿನ ಉಂಗುರ. ಬೂಚಿನ ವಾಶರ್. ಬಿಚ್ಚುವಾಗ ಅದನ್ನು ಅಲ್ಲಿ ಇಟ್ಟವನು ನಾನೋ ಭಾವನೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಆ ಗೌರವವನ್ನು ಇಬ್ಬರೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟಿದ್ದೇವೆ.

ಬೇರೆ ಊರಿನವರಾಗಿದ್ದರೆ ಒಂದು ಕೂಗು ಹಾಕುತ್ತಿದ್ದರು. ನಾವು ತಿರುಗಿ ಬರುತ್ತಿದ್ದೆವು. ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಒಂದು ಕಾನೂನಿದೆ: ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕರೆದರೆ ಹೋದ ಕೆಲಸ ಕೆಡುತ್ತದೆ. ಕೊಡೆ ಮರೆತು ಹೊರಟವನನ್ನೂ ನನ್ನ ಹೆಂಡತಿ ಕರೆಯುವವಳಲ್ಲ; ತೋಟ ಸುತ್ತಿ ಓಡಿ, ಎದುರಿನಿಂದ ಬಂದು, ಅಕಸ್ಮಾತ್ತಾಗಿ ಸಿಕ್ಕವಳಂತೆ ಕೊಡೆ ಕೊಡುತ್ತಾಳೆ. ಹೊಳೆಯನ್ನು ಸುತ್ತಿ ಎದುರು ಬರುವುದು ಹೇಗೆ? ಅವಳು ಅಲ್ಲೇ ನಿಂತು ಯೋಚಿಸಿದಳು. ನಮಗೆ ಎದುರಾಗಿ ಆಚೆ ದಡದಲ್ಲಿ ಒಬ್ಬರು ನಿಂತಿದ್ದಾರೆ. ಫೋನು ತೆಗೆದು ಅವರಿಗೇ ಮಾಡಿದಳು.

ಅಂದರೆ, ಯಾರಿಂದ ಈ ಸಂಗತಿಯನ್ನು ಪ್ರಾಣ ಹೋದರೂ ಮುಚ್ಚಿಡಬೇಕಾಗಿತ್ತೋ ಅವರಿಗೇ.

ಹೊಳೆಯ ನಡುವೆ ಇದ್ದ ನಮಗೆ ಇದೊಂದೂ ಗೊತ್ತಿಲ್ಲ. ಆಚೆ ದಡದ ತೆಂಗಿನ ಮರದ ಕೆಳಗೆ ಅಕ್ಕ ನಿಂತು ಎರಡೂ ಕೈ ಬೀಸುತ್ತಿರುವುದು ಕಂಡಿತು.

"ಕಾಣಿ ಭಾವ, ಅತ್ಗಿ ಎಷ್ಟ್ ಖುಷಿಯಂಗಿದ್ರ್," ಎಂದು ಭಾವನೂ ಕೈ ಬೀಸಿದರು.

ಅಕ್ಕನ ದನಿ ನೀರಿನ ಮೇಲಿನಿಂದ ತೇಲಿಬಂತು.

"ಹ್ವಾಯ್! ಮಾಣೀ! ವಾಶರ್ ಹಾಕ್ಲಿಲ್ಲೆ ಅಂಬ್ರಲೆ! ಕಲ್ಲಿನ್ ಮೇಲಿತ್ತ್ ಅಂಬ್ರ್!"

ಇಡೀ ಹೊಳೆಗೆ ಕೇಳಿತು. ಆಚೆ ಕಡೆ ಕೆಸರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದವರು ಸೊಂಟ ನೇರ ಮಾಡಿ ನಮ್ಮತ್ತ ನೋಡಿದರು. ನಾನು ತಿರುಗಿ ನೋಡಿದೆ. ನಮ್ಮ ದಡದಲ್ಲಿ ಹೆಂಡತಿ ಫೋನನ್ನು ಕಿವಿಗೆ ಹಿಡಿದು, ತಪ್ಪಿ ಕೂಡ ದನಿ ಹೊರಡದಂತೆ ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ತಳ ನೋಡಿದರೆ ಪೇಪರಿನ ಒಂದು ಮೂಲೆ ಕಪ್ಪಾಗತೊಡಗಿತ್ತು. ನೀರು ಅವಸರವಿಲ್ಲದೆ, ಓದು ಬಲ್ಲವರಂತೆ, ಮದುವೆ ಜಾಹೀರಾತುಗಳನ್ನು ಮುಗಿಸಿ ಕ್ರೀಡಾಪುಟದತ್ತ ಹೊರಟಿತ್ತು. ಭಾವ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಬಲಗಾಲಿನ ಹಿಮ್ಮಡಿಯನ್ನು ಬೂಚಿನ ಮೇಲಿಟ್ಟು, ಎರಡೂ ಕೈಯಿಂದ ಮೊಣಕಾಲನ್ನು ಅದುಮಿದರು.

"ಹುಟ್ಟ್ ಜೋರ್ ಹಾಕಿ ಭಾವ. ನಾನ್ ಹಿಮ್ಮಡಿ ಕೊಟ್ಟಿದ್ದೆ."

ದಡ ಮುಟ್ಟಿದಾಗ ಪೇಪರಿನ ಅರ್ಧ ಭಾಗ ಒದ್ದೆ. ಅಕ್ಕನ ಹಿಂದೆ ಅಂಗಳದಲ್ಲಿ ಕಾರು ನಿಂತಿತ್ತು, ತೊಳೆದು ಒರೆಸಿ, ಮುಖವನ್ನು ರಸ್ತೆಯ ಕಡೆಗೆ ಮಾಡಿ. ಅಕ್ಕ ಬಗ್ಗಿ ನೋಡಿದಳು. ಪೇಪರಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿದಳು. ಅದು ಹರಿದು ಅವಳ ಕೈಯಲ್ಲೇ ಉಳಿಯಿತು.

"ಇದನ್ನ್ ಒಣಗಿದ್ದ್ ಅಂತ್ರಾ, ಚಂಡಿ ಅಂತ್ರಾ?"

ನಾನು ಕಾರಿನ ಕಡೆ ನೋಡಬಾರದೆಂದು ಹುಟ್ಟನ್ನು ನೋಡುತ್ತ ನಿಂತೆ. ಅಕ್ಕನ ದೃಷ್ಟಿ ಭಾವನ ಮೇಲೆ ಹೋಯಿತು.

"ಭಾವ ಎಂತಕ್ ಇಳೂದಿಲ್ಲೆ? ಕಾಲಿಗ್ ಎಂತ ಆಯ್ತ್?"

"ನಾನ್ ಎದ್ರೆ ಹೊಳಿ ಒಳಗ್ ಬತ್ತ್, ಅತ್ಗಿ," ಎಂದರು ಭಾವ, ಕರ್ತವ್ಯನಿರತ ಸಿಪಾಯಿಯ ಮುಖದಲ್ಲಿ.

ಅಕ್ಕನಿಗೆ ನಗು ಹತ್ತಿತು. ತೆಂಗಿನ ಮರವನ್ನು ಹಿಡಿದುಕೊಂಡು ನಕ್ಕಳು, ಸೆರಗು ಕಣ್ಣಿಗೆ ಒತ್ತಿ ನಕ್ಕಳು. ನಕ್ಕು ಮುಗಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏಳಿ ಕಾಂಬ. ದೋಣಿ ಮೇಲ್ ಹತ್ಸಿ. ಸ್ಪ್ಯಾನರ್ ಕೊಡ್, ಮಾಣಿ."

ದೋಣಿಯನ್ನು ಮರಳಿನ ಮೇಲೆ ಎಳೆದೆವು. ಅವಳು ಕನ್ನಡಕ ಹಾಕಿಕೊಂಡು ಬೂಚು ಬಿಚ್ಚಿ, ಬಿಸಿಲಿಗೆ ಹಿಡಿದು, ಬಳೆಯ ಸುತ್ತ ಬೆರಳಾಡಿಸಿ ನೋಡಿದಳು.

"ಬಳೆ ಸಮ ಕೂತಿತ್ತ್. ಟೇಪೂ ಸಮ ಇತ್ತ್. ಸುತ್ತಿದ್ ಯಾರ್?"

"ನಾನೇ," ಎಂದರು ಭಾವ, ತಡವಿಲ್ಲದೆ.

ಅಕ್ಕ ಕೊಟ್ಟಿಗೆಯ ಬದಿಯಿಂದ ಒಂದು ಹಳೆಯ ಹವಾಯಿ ಚಪ್ಪಲಿಯನ್ನೂ ಕಾಯಿ ಹೆಚ್ಚುವ ಹಳೆಯ ಮೆಟ್ಟುಕತ್ತಿಯನ್ನೂ ತರಿಸಿದಳು. ಹೊಳೆಯ ದಡದಲ್ಲೇ ಕತ್ತಿಯ ಮಣೆಯನ್ನು ಮೆಟ್ಟಿ ಕೂತು, ಚಪ್ಪಲಿಯ ಹಿಮ್ಮಡಿಯ ಮೇಲೆ ಬೂಚನ್ನು ಒತ್ತಿ ಗುರುತು ಮಾಡಿಕೊಂಡು, ಸೌತೆಕಾಯಿಯ ಹೋಳು ತೆಗೆಯುವಷ್ಟು ಸಲೀಸಾಗಿ ರಬ್ಬರಿನ ಬಿಲ್ಲೆ ಕೊಯ್ದಳು. ನಡುವೆ ತೂತು ಮಾಡಿದಳು. ದಪ್ಪ ಹೆಚ್ಚಾಯಿತೆಂದು ಅರ್ಧ ಸೀಳಿದಳು. ನಾಲ್ಕು ಸಲ ಹಾಕಿ, ನಾಲ್ಕು ಸಲ ತೆಗೆದು ಕೊಯ್ದಳು.

ಅವಳ ಬೆರಳುಗಳನ್ನು ನೋಡುತ್ತಿದ್ದಾಗ ನೆನಪಾಯಿತು. ಅಪ್ಪನ ಮರದ ದೋಣಿಗೂ ಇಂಥದೇ ತೂತು, ಅದಕ್ಕೊಂದು ಮರದ ಬೂಚು. ಹಳೆಯ ಪಂಚೆಯ ಪಟ್ಟಿ ಹರಿದು, ಎಣ್ಣೆಯಲ್ಲಿ ಅದ್ದಿ, ಬೂಚಿಗೆ ಸುತ್ತಿ ಬಡಿಯುವ ಕೆಲಸಕ್ಕೆ ಅಪ್ಪ ಗಂಡುಮಕ್ಕಳನ್ನು ಕರೆಯುತ್ತಿರಲಿಲ್ಲ. ನಾವು ಸುತ್ತಿದರೆ ಸೋರುತ್ತಿತ್ತು. ಹದಿನೇಳು ಹದಿನೆಂಟರ ಈ ಅಕ್ಕ ಸುತ್ತಿದರೆ ಮಾತ್ರ ಅದು ಮುಂದಿನ ಮಳೆಗಾಲದವರೆಗೆ ತಾಳುತ್ತಿತ್ತು. ಉಪ್ಪುಂದದಿಂದ ತಜ್ಞರನ್ನು ಕರೆಸುವಾಗ ನನಗೆ ಇದು ಹೊಳೆದಿರಲಿಲ್ಲ.

"ಅಕ್ಕ, ನಿಂಗೊಂದ್ ಮಾತ್ ಮೊದ್ಲೇ ಕೇಣ್ಕಿತ್ತ್ ನಾನ್," ಎಂದೆ.

"ಹೋದ್ ವರ್ಷ ದೋಣಿಯಂಗ್ ಕೂತಾಗ್ಲೇ ಕಂಡಿದ್ದೆ, ನೀರ್ ಬಪ್ದ್ ಬಳೆ ಬದಿಂದ ಅಂದೇಳಿ," ಎಂದಳು ಅವಳು ಕೊಯ್ಯುತ್ತಲೇ. "ಯಾರಾರೂ ಕೇಂತ್ರಾ ಕಾಂಬ ಅಂದ್ಕಂಡ್ ಸುಮ್ನಿದ್ದೆ. ಒಂದ್ ವರ್ಷ ಆಯ್ತ್. ಯಾರೂ ಕೇಣ್ಲಿಲ್ಲೆ."

ಭಾವ ಹೊಳೆಯ ಆಚೆಗಿನ ಗುಡ್ಡೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ವಾಶರ್ ಕೂತಿತು. ಆದರೆ ಷರತ್ತು ಷರತ್ತೇ. ಮನೆಯಿಂದ ಹೊಸ ಪೇಪರು ತರಿಸಿ ತಳಕ್ಕೆ ಹಾಸಿದಳು. ಒಬ್ಬನೇ ಒಂದು ಸುತ್ತು ಹಾಕಿ ಬಾ ಎಂದು ನನ್ನನ್ನು ಅಟ್ಟಿದಳು. ಡ್ರೈವಿಂಗ್ ಪರೀಕ್ಷೆಗೆ ಹೋದವನಂತೆ ಹುಟ್ಟು ಹಾಕಿದೆ. ಹೊಳೆಯ ಅರ್ಧಕ್ಕೆ ಹೋಗಿ ತಿರುಗಿ ಬಂದೆ. ಬೂಚಿನ ಸುತ್ತ ಪೇಪರು ಹಪ್ಪಳದಂತೆ ಒಣಗಿತ್ತು. ಆದರೆ ನಡುವೆ ಎರಡು ಒದ್ದೆ ಗುರುತುಗಳು. ನೀರಿಗೆ ಇಳಿದು ದೋಣಿ ದೂಡಿ ಹತ್ತಿದ ನನ್ನ ಪಾದಗಳವು. ಮುಗಿಯಿತು ಎಂದುಕೊಂಡೆ. ಅಕ್ಕ ಬಗ್ಗಿ ಬಹಳ ಹೊತ್ತು ನೋಡಿದಳು.

"ಇದ್ ಹೊಳಿ ನೀರಲ್ಲ, ನಿನ್ನ ಕಾಲಿನ್ ನೀರ್. ಇದಕ್ಕೆ ಯಾವ ಚಪ್ಲಿ ಕೊಯ್ದ್ರೂ ವಾಶರ್ ಇಲ್ಲೆ. ಕಾಲ್ ಒರ್ಸಿ ಹತ್ತುಕೆ ಇನ್ನೂ ಬರ್ಲಿಲ್ಯಾ ಮಾಣಿ ನಿಂಗೆ?"

ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ, ನನ್ನ ಹೆಗಲನ್ನು ಇನ್ನೊಂದು ಕೈಯಲ್ಲಿ ಹಿಡಿದು ಹತ್ತಿದಳು. ಹತ್ತಿ, ಕಾಲು ಚಾಚಿ, ಪೇಪರಿನ ಮೇಲೆಯೇ ಪಾದ ಊರಿ ಕುಳಿತಳು. ಹೋದ ವರ್ಷ ಅರ್ಧಕ್ಕೆ ನಿಂತಿದ್ದ ಮದುವೆಯ ಸಾರಿನ ವಿಷಯ ಎತ್ತಿಕೊಂಡಳು. ಭಾವ ಅಭ್ಯಾಸಬಲದಿಂದ ಹಿಮ್ಮಡಿಯನ್ನು ಬೂಚಿನ ಕಡೆ ಸರಿಸಿದರು. ಅವಳ ಒಂದು ನೋಟಕ್ಕೆ ವಾಪಸು ತೆಗೆದುಕೊಂಡರು.

ನಮ್ಮ ದಡ ಮುಟ್ಟಿದಾಗ ಹೆಂಡತಿ ಇನ್ನೂ ಅಲ್ಲೇ ನಿಂತಿದ್ದಳು. "ಒಂದ್ ಕೂಗ್ ಹಾಕುಕೆ ಆಯ್ಲಿಲ್ಯಾ ನಿಂಗೆ?" ಎಂದು ರೇಗಿದೆ.

"ಹೊರಟವ್ರನ್ನ ಹಿಂದಿಂದ ಕರೂಕಾತ್ತಾ? ಎದ್ರಿಂದ ಕರ್ಸಿದ್ದೆ ಅಲ್ದಾ? ಅದ್ಕೇ ಕಾಣಿ ಹೋದ್ ಕೆಲ್ಸ ಆದ್ದ್," ಎಂದಳು. ಅಕ್ಕ ಅಷ್ಟು ಹೊತ್ತಿಗೆ ಬಾವಿಕಟ್ಟೆ ದಾಟಿ ಅಡುಗೆಮನೆ ಸೇರಿಯಾಗಿತ್ತು. ಯಾವುದೋ ಪಾತ್ರೆಯ ಮುಚ್ಚಳ ತೆಗೆದ ಸದ್ದು ಕೇಳಿತು.

ಎಂಟು ದಿನ ಇದ್ದಳು. ಹೊರಡುವ ದಿನ ಮಗ ಕಾರು ತಂದು ಗೇಟಿನ ಎದುರು ನಿಲ್ಲಿಸಿದ. ಅಕ್ಕ ಚೀಲಗಳನ್ನು ಒಂದೊಂದಾಗಿ ಹೊರಗೆ ತಂದಳು: ಹೊಸ ಅಕ್ಕಿ, ಒಂದು ಬುಟ್ಟಿ ತೊಂಡೆಕಾಯಿ, ಉಪ್ಪಿನಕಾಯಿಯ ಭರಣಿ, ಬಟ್ಟೆಯ ಗಂಟು. ಎಲ್ಲವನ್ನೂ ಹಿಂದಿನ ಸೀಟಿನಲ್ಲಿ ಸಾಲಾಗಿ ಕೂರಿಸಿ, ಭರಣಿ ಉರುಳದಂತೆ ಬೆಲ್ಟು ಕಟ್ಟಿ, ಬಾಗಿಲು ಹಾಕಿದಳು. ನಾನು ಜಗಲಿಯ ಮೆಟ್ಟಿಲ ಮೇಲೆ ನಿಂತು ಕೈ ಮುಗಿಯಲು ತಯಾರಾಗಿದ್ದೆ.

"ನೀ ಸಾಮಾನ್ ತಕಂಡ್ ಹೋಗ್," ಎಂದಳು ಮಗನಿಗೆ. "ನಾನ್ ಹಿತ್ಲಿಂದ ಬತ್ತೆ."